ನಾನು ಸಹಿ ಮಾಡಿದ ಒಪ್ಪಿಗೆ

ನನ್ನ ಅಕ್ಕನ, ಅಂದರೆ ಆಪಾಳ, ನಿಕಾಹಿಗೆ ಇಬ್ಬರು ಸಾಕ್ಷಿಗಳಿದ್ದರು. ಅವರಲ್ಲಿ ಒಬ್ಬ ನಾನು. ಹುಡುಗಿ ನಮ್ಮೆದುರು ಈ ಮದುವೆಗೆ ಒಪ್ಪಿದ್ದಾಳೆ ಎಂದು ಬ್ಯಾಡಗಿಯ ಜಮಾತಿನ ರಿಜಿಸ್ಟರಿನಲ್ಲಿ ಸಹಿ ಮಾಡಿದ್ದೇನೆ. ಆಪಾ ಒಪ್ಪಿರಲಿಲ್ಲ, ಮತ್ತು ಅದು ನನಗೆ ಗೊತ್ತಿತ್ತು. ಇಷ್ಟು ಖಚಿತ. ಉಳಿದದ್ದನ್ನು ಎಷ್ಟು ಸಲ ತಿರುವಿ ಹಾಕಿದ್ದೇನೆಂದರೆ, ಯಾವುದು ನಡೆದದ್ದು, ಯಾವುದು ನನ್ನನ್ನು ಉಳಿಸಿಕೊಳ್ಳಲು ನಾನೇ ಸೇರಿಸಿದ್ದು ಎಂದು ಬೇರೆ ಮಾಡುವುದು ಈಗ ಕಷ್ಟ.

ನಮ್ಮ ಮನೆಮಾತು ಉರ್ದು. ಆದರೆ ಆ ವರ್ಷದ ಮಾತುಗಳೆಲ್ಲ ನನಗೆ ನೆನಪಾಗುವುದು ಕನ್ನಡದಲ್ಲಿ. ಬಹುಶಃ ಆಪಾ ಮೆಚ್ಚಿದವನಿಂದಾಗಿ. ಅವನಿಗೆ ಉರ್ದು ಬರುತ್ತಿರಲಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆಪಾ ದಿನಾ ಬ್ಯಾಡಗಿಯಿಂದ ಪ್ಯಾಸೆಂಜರ್ ರೈಲಿನಲ್ಲಿ ರಾಣೆಬೆನ್ನೂರಿಗೆ ಹೋಗಿ ಅಲ್ಲಿಯ ಒಂದು ಉರ್ದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಅವಳಿಗೆ ಇಪ್ಪತ್ತೈದು. ಅವಳಿಗಿಂತ ಮೂರು ವರ್ಷ ಚಿಕ್ಕವನಾದ ನಾನು ಧಾರವಾಡದಲ್ಲಿ ತತ್ವಶಾಸ್ತ್ರ ಓದುತ್ತಿದ್ದೆ. ಅಬ್ಬಾ ಮೆಣಸಿನಕಾಯಿ ಪೇಟೆಗೆ ಗೋಣಿಚೀಲ ಒದಗಿಸುವ ವ್ಯಾಪಾರಿ.

ರಾಣೆಬೆನ್ನೂರಿನ ಸ್ಟೇಷನ್ನಿನಿಂದ ಶಾಲೆಗೆ ನಡೆದುಹೋಗುವ ಹಾದಿಯಲ್ಲಿ ಒಂದು ಗಾದಿ ಅಂಗಡಿ ಇತ್ತು. ಪಿಂಜಾರರದು. ಪಿಂಜಾರರೆಂದರೆ ಹತ್ತಿ ಹಿಂಜಿ ಗಾದಿ, ದಿಂಬು ಹೊಲಿಯುವವರು. ನಮ್ಮ ಹಾಗೇ ಮುಸಲ್ಮಾನರು, ಆದರೆ ಮನೆಯೊಳಗೂ ಕನ್ನಡವನ್ನೇ ಆಡುವವರು. ತಂದೆ ಹತ್ತಿ ಹಿಂಜುತ್ತಿದ್ದ ಬಿಲ್ಲು ಮೂಲೆಗೆ ಸೇರಿ, ಮಗ ಅದಕ್ಕೆ ಮಷೀನು ಹಾಕಿದ್ದ. ಮಷೀನು ತಿರುಗಿದರೆ ಹತ್ತಿಯ ಎಳೆ ಹಾರಿ ರಸ್ತೆಗೆಲ್ಲ ಬರುತ್ತಿತ್ತು. ಒಂದು ಬೆಳಿಗ್ಗೆ ಆಪಾ ಶಾಲೆ ಮುಟ್ಟಿದಾಗ ಮಕ್ಕಳು ನಕ್ಕವಂತೆ. ಕರೀ ಬುರ್ಖಾ ತುಂಬ ಬಿಳಿ ಹತ್ತಿ. ಸಂಜೆ ತಿರುಗಿ ಬರುವಾಗ ಅಂಗಡಿಯ ಮುಂದೆ ನಿಂತು ಕೇಳಿದಳು:

"ಏನ್ರೀ, ನಿಮ್ಮ ಹತ್ತಿ ಗಾದಿಗೆ ತುಂಬತೀರೋ, ನಮ್ಮ ಬುರ್ಖಾಕ್ಕ ತುಂಬತೀರೋ?"

"ಗಾಳಿ ಬೀಸತೈತ್ರಿ ಟೀಚರ್, ನಾ ಏನ್ ಮಾಡ್ಲಿ?"

"ಗಾಳಿಗೆ ಹೇಳ್ರಿ. ಅದು ಕೇಳದಿದ್ರ ಮಷೀನಿಗೆ ಹೇಳ್ರಿ."

ಮರುದಿನದಿಂದ ಅವಳು ಆ ಹಾದಿಯ ತಿರುವಿಗೆ ಬಂದ ಕೂಡಲೇ ಮಷೀನು ನಿಲ್ಲತೊಡಗಿತು. ಅವಳು ಅಂಗಡಿ ದಾಟಿ ಹೋಗುವ ತನಕ ಅವನು ಎರಡೂ ಕೈ ಹಿಂದೆ ಕಟ್ಟಿಕೊಂಡು, ರಸ್ತೆಯ ಕಡೆ ನೋಡದೆ, ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಲ್ಲುತ್ತಿದ್ದ.

"ಒಂದು ತಿಂಗಳು ಕ್ಯಾಲೆಂಡರ್ ನೋಡಿದ," ಎಂದು ಆಪಾ ನನಗೆ ಹೇಳಿದ್ದಳು. ನಾನು ಈದ್‌ಗೆ ಊರಿಗೆ ಬಂದಿದ್ದೆ. ಅವಳು ರೊಟ್ಟಿ ಬಡಿಯುತ್ತ ನಗುತ್ತಿದ್ದಳು. "ತಿಂಗಳು ಮುಗೀತು, ಹಾಳಿ ಹರದಿಲ್ಲ. ಅದನ್ನ ಹೇಳಾಕ ನಿಂತೆ ನೋಡು. ತಾರೀಖು ದಾಟ್ಯಾವ್ರಿ ಅಂದೆ. ಹೌದೇನ್ರಿ, ನಾ ನೋಡೇ ಇಲ್ಲ ಅಂದ!"

"ಮುಖ ನೋಡ್ಯಾನೇನು ನಿಂದು?"

"ಹೆಂಗ ನೋಡ್ತಾನ? ಪರದೆ ಇಳಿಸಿರತೀನಿ. ಛತ್ರಿ ನೋಡ್ಯಾನ, ಚಪ್ಪಲಿ ನೋಡ್ಯಾನ." ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಮಷೀನ್ ನಿಂತಾಗ ನನ್ನ ಚಪ್ಪಲಿ ಸಪ್ಪಳ ನನಗ ಕೇಳತೈತಿ. ಅಲ್ಲೀತನಕ ನಾ ಹೆಂಗ ನಡೀತೀನಿ ಅಂತ ನನಗ ಗೊತ್ತಿರಲಿಲ್ಲ."

ನಾನು ಓದಿದ ಯಾವ ಪುಸ್ತಕದಲ್ಲೂ ಪ್ರೀತಿಯ ಬಗ್ಗೆ ಹೀಗೆ ಬರೆದದ್ದನ್ನು ನೋಡಿರಲಿಲ್ಲ. ಹಾಗಾಗಿ ಈ ಮಾತು ಅವಳದೇ, ನಾನು ಕಟ್ಟಿದ್ದಲ್ಲ ಎಂದು ನಂಬುತ್ತೇನೆ.

ಅವರು ಕೂತು ಮಾತಾಡಿದ್ದು ಮೂರೇ ಸಲ. ಮೂರು ಸಲವೂ ಹಾವೇರಿಯಲ್ಲಿ, ಮೂರು ಸಲವೂ ನನ್ನ ಜೊತೆ. ಕಣ್ಣಿನ ಡಾಕ್ಟರಿಗೆ ತೋರಿಸಬೇಕು ಎನ್ನುವುದು ನೆಪ. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ. ತಮ್ಮ ಜೊತೆಗಿದ್ದಾನೆ ಎಂದರೆ ಅಬ್ಬಾ ಮರುಮಾತಿಲ್ಲದೆ ಕಳಿಸುತ್ತಿದ್ದರು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲಿನಲ್ಲಿ ಪರದೆ ಕಟ್ಟಿದ ಫ್ಯಾಮಿಲಿ ರೂಮಿತ್ತು. ಮೊದಲನೇ ಸಲ ಚಹಾ ಬಂತು. ಮುಖದ ಪರದೆ ಎತ್ತದೆ ಚಹಾ ಕುಡಿಯುವುದು ಹೇಗೆ? ಅವನು ಕುರ್ಚಿ ಸಮೇತ ಗೋಡೆಯ ಕಡೆ ತಿರುಗಿ ಕೂತ.

"ನೀವು ಕುಡೀರಿ. ನಾ ಈ ಕಡೆ ನೋಡತೇನಿ."

"ಗೋಡಿ ಜೋಡಿ ಮಾತಾಡಾಕ ರಾಣೆಬೆನ್ನೂರಿಂದ ಬಂದೀರೇನ್ರಿ?"

ಅವನು ತಿರುಗಲಿಲ್ಲ. ಆಪಾ ಪರದೆ ಎತ್ತಿ ತಲೆಯ ಮೇಲೆ ಹಾಕಿಕೊಂಡು, "ತಿರುಗ್ರಿ," ಎಂದಳು. ಎಂಟು ತಿಂಗಳ ಮೇಲೆ ಅವನು ಮೊದಲ ಸಲ ಅವಳ ಮುಖ ನೋಡಿದ. ಬಹಳ ಹೊತ್ತು ನೋಡಿ, "ಚಾ ಆರತೈತ್ರಿ," ಎಂದ.

ಇದನ್ನು ನಾನು ಕಣ್ಣಾರೆ ಕಂಡಂತೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಆಪಾ ಪ್ರಕಾರ ನಾನು ಆಗ ಒಳಗೇ ಇರಲಿಲ್ಲ. ಪೇಪರ್ ತರುತ್ತೇನೆಂದು ಎದ್ದುಹೋಗಿದ್ದೆ. ಹಾಗಿದ್ದರೆ ಅದನ್ನೆಲ್ಲ ಅವಳೇ ನನಗೆ ಹೇಳಿರಬೇಕು. ಅವಳ ಒಂದೇ ಒಂದು ಸುಖದ ಗಳಿಗೆಯಲ್ಲೂ ನಾನು ಕುರ್ಚಿ ಹಾಕಿಕೊಂಡು ಕೂತುಬಿಟ್ಟಿದ್ದೇನೆ.

ಸುದ್ದಿ ಮನೆಗೆ ಮುಟ್ಟಿದ್ದು ಮಷೀನಿನಿಂದಲೇ. ಗಾದಿ ಅಂಗಡಿಯ ಎದುರಿಗೆ ಒಂದು ಚಹಾದಂಗಡಿ. ದಿನಾ ಅದೇ ಹೊತ್ತಿಗೆ ಮಷೀನು ನಿಲ್ಲುವುದನ್ನು ನೋಡಿ ಅಲ್ಲಿಯವರು ಗಡಿಯಾರ ಸರಿಮಾಡಿಕೊಳ್ಳತೊಡಗಿದ್ದರು. ಅಬ್ಬಾ ಚೀಲ ಕೊಳ್ಳಲು ರಾಣೆಬೆನ್ನೂರಿಗೆ ಹೋದವರು ಅಲ್ಲಿ ಚಹಾಕ್ಕೆ ಕೂತಿದ್ದರು.

"ಈಗ ನೋಡ್ರಿ ಸಾಹೇಬ್ರ, ಮಷೀನ್ ಬಂದ್ ಆಗತೈತಿ. ಟೀಚರಮ್ಮನ ಸವಾರಿ ಬರೋ ಹೊತ್ತಾತು."

ಮಷೀನು ನಿಂತಿತು. ಎಲ್ಲರ ಜೊತೆ ಅಬ್ಬಾನೂ ನಕ್ಕರು. ಆಮೇಲೆ ತಿರುವಿನಲ್ಲಿ, ತಾವೇ ಹಾವೇರಿಯಿಂದ ಮಗಳಿಗೆ ತಂದುಕೊಟ್ಟಿದ್ದ ಹಸಿರು ಅಂಚಿನ ಛತ್ರಿ ಕಂಡಿತು.

ಇದನ್ನು ನನಗೆ ಹೇಳಿದ್ದು ಅಮ್ಮಿ. ಅಬ್ಬಾ ಅಮ್ಮಿಯ ಹತ್ತಿರವೂ ಅದನ್ನು ಆಡಿದ್ದು ಒಂದೇ ಸಲವಂತೆ: "ನಾನೂ ನಕ್ಕೆ."

ಆಪಾಳ ಕೆಲಸ ಬಿಡಿಸಿದರು. ಹದಿನೈದು ದಿನಕ್ಕೆ ಅವನ ತಂದೆ, ಕಾಕಾ ಇಬ್ಬರೂ ಬಿಳೀ ಟೋಪಿ, ಇಸ್ತ್ರಿಯ ಅಂಗಿ ಹಾಕಿಕೊಂಡು ಹುಡುಗಿಯನ್ನು ಕೇಳಲು ಬ್ಯಾಡಗಿಗೆ ಬಂದರು. ಅಬ್ಬಾ ಕುರ್ಚಿ ಹಾಕಿಸಿದರು, ಚಹಾ ಕೊಡಿಸಿದರು. ಮಾತು ಶುರುವಾಗುವ ಮೊದಲೇ ಒಳಗಿನಿಂದ ಫುಫ್ಫಿ, ಅಂದರೆ ಅಬ್ಬಾನ ಅಕ್ಕ, ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲೇ ಕೇಳಿದಳು: "ಗಾದಿ ಹೊಲ್ಯಾಕ ಯಾರರೆ ಕರದಿದ್ರೇನು ಇವರನ್ನ?"

ಮುದುಕ ಕಪ್ಪನ್ನು ಬಸಿಯ ಮೇಲೆ ಸಪ್ಪಳವಾಗದಂತೆ ಇಟ್ಟ. "ಇಲ್ಲ ಬೇ ಯವ್ವಾ. ಹುಡುಗೀನ ಕೇಳಾಕ ಬಂದಿದ್ವಿ. ಬರತೇವಿ," ಎಂದು ಎದ್ದ. ಅಬ್ಬಾ ಅವರನ್ನು ತಡೆಯಲಿಲ್ಲ. ಅಷ್ಟರಲ್ಲೇ ಮುಗಿಯಿತು.

ಹಾವೇರಿಯ ಗಂಡು ಗೊತ್ತಾಯಿತು. ಸೈಕಲ್ ಅಂಗಡಿ ಇತ್ತು, ಮನೆಯಲ್ಲಿ ಉರ್ದು ಆಡುತ್ತಿದ್ದರು. ಆತ ಕೆಟ್ಟವನಲ್ಲ, ಇವತ್ತಿಗೂ ಅಲ್ಲ. ನಿಶ್ಚಯದ ಮರುದಿನ ಆಪಾ ನನ್ನನ್ನು ಗೋಣಿಚೀಲದ ಗೋದಾಮಿಗೆ ಕರೆದಳು. ಮಧ್ಯಾಹ್ನ, ಹಮಾಲರು ಊಟಕ್ಕೆ ಹೋಗಿದ್ದರು.

"ರಾಣೆಬೆನ್ನೂರಿಗೆ ಹೋಗಿಬಿಡು. ರಿಜಿಸ್ಟರ್ ಮಾಡಿಸ್ತೀನಿ," ಎಂದೆ ನಾನು.

"ಓಡಿ ಹೋಗೂದಿಲ್ಲ. ಅಬ್ಬಾ ಪೇಟ್ಯಾಗ ತಲಿ ಎತ್ತಂಗಿಲ್ಲ."

"ಹಂಗಾದ್ರ ನಿಕಾಹ್‌ದಾಗ ಕೇಳ್ತಾರಲ್ಲ, ಒಲ್ಲೆ ಅನ್ನು."

"ಅಷ್ಟು ಮಂದ್ಯಾಗ ಒಲ್ಲೆ ಅಂದ್ರ ಅವರ ಎದಿ ಒಡೀತೈತಿ."

ಆಗ ನಾನು ಒಂದು ಉಪಾಯ ಹೇಳಿದೆ. ನಮ್ಮಲ್ಲಿ ಖಾಜಿ ನೇರವಾಗಿ ಹುಡುಗಿಯನ್ನು ಕೇಳುವುದಿಲ್ಲ. ಅವಳ ಕಡೆಯ ಹಿರಿಯನೊಬ್ಬ ವಕೀಲನಾಗಿ, ಇಬ್ಬರು ಸಾಕ್ಷಿಗಳೊಡನೆ ಹೆಂಗಸರ ಕೋಣೆಗೆ ಹೋಗಿ, ಇಂಥವರ ಮಗನೊಡನೆ ನಿಕಾಹ್ ಒಪ್ಪಿಗೆಯೇ ಎಂದು ಮೂರು ಸಲ ಕೇಳುತ್ತಾನೆ. ಆಮೇಲೆ ಹೊರಗೆ ಬಂದು ಖಾಜಿಗೆ ತಿಳಿಸುತ್ತಾರೆ. ವಕೀಲ ನಮ್ಮ ಮಾಮೂ ಎಂದು ಗೊತ್ತಾಗಿತ್ತು. ಸಾಕ್ಷಿಗಳಲ್ಲಿ ಒಬ್ಬ ನಾನು.

"ನೀ ಒಲ್ಲೆ ಅನ್ನಬ್ಯಾಡ, ಹೂಂ ಅನ್ನಲೂ ಬ್ಯಾಡ," ಎಂದೆ. "ಸುಮ್ಮನ ಕುಂದ್ರು. ಒಪ್ಪಿಗಿ ಇಲ್ಲದ ನಿಕಾಹ್ ಆಗೂದಿಲ್ಲ. ಸಾಕ್ಷಿಯಾದವ ತಾನು ಕೇಳಿದ್ದನ್ನ ಅಷ್ಟ ಹೇಳಬೇಕು. ನಾ ಹೊರಗ ಬಂದು ನನಗ ಏನೂ ಕೇಳಲಿಲ್ಲ ಅಂತೀನಿ. ನೀ ಅಬ್ಬಾನ ಮಾತು ಮುರದಂಗೂ ಆಗೂದಿಲ್ಲ."

ಇದು ಧಾರವಾಡದಲ್ಲಿ ಎರಡು ವರ್ಷ ತರ್ಕ ಓದಿದವನ ಉಪಾಯ. ಹೇಳುವಾಗ ನನಗೆ ಖುಷಿಯೇ ಆಗಿತ್ತು.

"ಖರೇ ಹೇಳ್ತೀಯಲ್ಲ?"

"ಖರೇ ಹೇಳ್ತೀನಿ."

ಅವಳು ನಂಬಿದಳು.

ಮದುವೆ ನಮ್ಮ ಮನೆಯಲ್ಲೇ ಆಯಿತು. ಒಳಕೋಣೆಯ ತುಂಬ ಹೆಂಗಸರು. ಆಪಾ ಕೆಂಪು ಓಢಣಿ ಪೂರ್ತಿ ಮುಖದ ಮೇಲೆ ಇಳಿಸಿಕೊಂಡು ಮೊಣಕಾಲಿಗೆ ಗಲ್ಲ ಊರಿ ಕೂತಿದ್ದಳು. ಮಾಮೂ ಬಾಗಿಲಲ್ಲಿ ನಿಂತು ಗಂಡಿನ ಹೆಸರು, ಅವನ ತಂದೆಯ ಹೆಸರು, ಗಂಡು ಕೊಡುವ ಮೆಹರಿನ ಮೊತ್ತ ಹೇಳಿ ಕೇಳಿದರು. ಅವಳು ಸುಮ್ಮನಿದ್ದಳು. ಎರಡನೇ ಸಲ ಕೇಳಿದರು. ಸುಮ್ಮನಿದ್ದಳು. ಮೂರನೇ ಸಲ ಕೇಳುವಾಗ ಕೋಣೆಯಲ್ಲಿ ಯಾರ ಬಳೆಯೂ ಸದ್ದು ಮಾಡಲಿಲ್ಲ. ಆಪಾ ಅಲುಗಾಡಲಿಲ್ಲ.

"ನಾಚ್ಕೊಂಡಾಳ," ಎಂದಳು ಫುಫ್ಫಿ.

ಮಾಮೂ ತಲೆಯಾಡಿಸಿ, ನನ್ನ ಕಡೆಗೂ ಇನ್ನೊಬ್ಬ ಸಾಕ್ಷಿಯ ಕಡೆಗೂ ತಿರುಗಿ ಸಮಾಧಾನದಿಂದ ಹೇಳಿದರು: "ಕನ್ಯಾ ಸುಮ್ಮನಿದ್ರ ಅದ ಆಕಿ ಒಪ್ಪಿಗಿ. ಶರಿಯತ್ತಿನಾಗ ಹಂಗ ಐತಿ. ನಡೀರಿ."

ನಾಚುವ ಹುಡುಗಿ ಬಾಯಿ ಬಿಟ್ಟು ಹೇಳಲಿ ಎಂದು ಒತ್ತಾಯ ಮಾಡಬಾರದೆಂದು ಯಾವ ಕಾಲದಲ್ಲೋ ದಯೆಯಿಂದ ಇಟ್ಟ ನಿಯಮ ಅದು. ಒಲ್ಲೆ ಎಂದು ಒಂದು ಮಾತು ಹೇಳಿದ್ದರೆ ಮಾಮೂ ಅಲ್ಲಿಂದ ಕದಲುತ್ತಿರಲಿಲ್ಲ. ಖಾಜಿ ನಿಕಾಹ್ ಓದುತ್ತಿರಲಿಲ್ಲ. ಅವಳ ಬಾಯಿ ಮುಚ್ಚಿಸಿದವನು ನಾನು.

ಆಗಲೂ ದಾರಿ ಇತ್ತು. ಹಂದರದಲ್ಲಿ ಖಾಜಿ ಸಾಹೇಬರು ನಮ್ಮ ಮೂವರನ್ನೂ ನೋಡಿ, "ಹುಡುಗಿ ಒಪ್ಯಾಳೇನ್ರಿ?" ಎಂದರು. ಮಾಮೂ ಹೌದು ಎಂದರು. ಇನ್ನೊಬ್ಬನೂ ಹೌದು ಎಂದ. ನನ್ನ ಸರದಿ ಬಂತು. ಆಕೆ ಏನೂ ಹೇಳಲಿಲ್ಲ, ಮತ್ತೊಮ್ಮೆ ಕೇಳಿ ಎಂದಿದ್ದರೆ ಸಾಕಿತ್ತು. ಅಬ್ಬಾ ಎದುರಿಗೆ ಕೂತು ಟೋಪಿ ಸರಿಮಾಡಿಕೊಳ್ಳುತ್ತಿದ್ದರು. ನಾನು ತಲೆಯಾಡಿಸಿದೆನೋ, ಹೌದು ಅಂದೆನೋ ನೆನಪಿಲ್ಲ. ರಿಜಿಸ್ಟರು ಮುಂದೆ ಬಂತು, ಸಹಿ ಮಾಡಿದೆ. ಸಹಿ ಮಾಡುವಾಗ ಕೈ ನಡುಗಿತ್ತು ಎಂದು ಬಹಳ ವರ್ಷ ನಂಬಿದ್ದೆ. ಒಮ್ಮೆ ಯಾವುದೋ ದಾಖಲೆಯ ನೆಪದಲ್ಲಿ ಆ ಹಾಳೆ ತೆಗೆಸಿ ನೋಡಿದೆ. ಇಂಗ್ಲಿಷಿನಲ್ಲಿ ಮಾಡಿದ ಸಹಿ, ಕೆಳಗೊಂದು ಗೆರೆ ಬೇರೆ. ಎಲ್ಲಿಯೂ ನಡುಕವಿಲ್ಲ.

ಆ ನಿಯಮ ನನಗೆ ಮೊದಲೇ ಗೊತ್ತಿತ್ತೇ? ಇದನ್ನೇ ವರ್ಷಗಟ್ಟಲೆ ಕೇಳಿಕೊಂಡೆ. ಚಿಕ್ಕಂದಿನಲ್ಲಿ ಸಂಜೆ ಅರಬ್ಬಿ ಕಲಿಯಲು ಹೋಗುತ್ತಿದ್ದಾಗ, ಕಲಿಸುತ್ತಿದ್ದ ಹಜ್ರತರು ಎಂದಾದರೂ ಹೇಳಿರಬಹುದು. ಕೇಳಿ ಮರೆತಿದ್ದೆನೇ? ಅಥವಾ ಒಳಗೊಳಗೆ ಗೊತ್ತಿದ್ದೇ, ಅಬ್ಬಾನ ಮಾನವೂ ಉಳಿಯಲಿ, ನಾನು ಅಕ್ಕನ ಪರ ಎನ್ನುವ ಹೆಮ್ಮೆಯೂ ಉಳಿಯಲಿ ಎಂದು ಆ ಉಪಾಯ ಹೇಳಿದೆನೇ? ಒಮ್ಮೊಮ್ಮೆ ಹಜ್ರತರ ದನಿಯೇ ಕೇಳಿದ ಹಾಗಾಗುತ್ತದೆ. ಅದು ನೆನಪೋ, ಶಿಕ್ಷೆ ಬೇಡುವ ಮನಸ್ಸಿನ ಕಲ್ಪನೆಯೋ ಹೇಳಲಾರೆ.

ನಾನು ಮೇಷ್ಟ್ರಾದೆ. ಒಂದು ಕಾಲೇಜಿನಲ್ಲಿ ನಿಲ್ಲದೆ ಐದು ಊರು ಬದಲಿಸಿದೆ. ಹಾವೇರಿಗೆ ಹೋದಾಗಲೆಲ್ಲ ಆಪಾ ಊಟ ಹಾಕುತ್ತಿದ್ದಳು, ಮಕ್ಕಳ ಮಾರ್ಕ್ಸ್ ಕಾರ್ಡು ತೋರಿಸುತ್ತಿದ್ದಳು. ಆ ದಿನದ ಮಾತು ಇಬ್ಬರೂ ಎತ್ತಲಿಲ್ಲ.

ಎತ್ತಿದ್ದು ತೊಂಬತ್ತರ ದಶಕ ಮುಗಿಯುತ್ತ ಬಂದಾಗ. ಹಾವೇರಿ ಜಿಲ್ಲೆಯಾಗಿ ಒಂದೆರಡು ವರ್ಷವಾಗಿತ್ತು. ಆಪಾಳ ಮಗಳಿಗೆ ಸಂಬಂಧ ಕುದುರಿತ್ತು, ಹುಡುಗಿಗೂ ಮನಸ್ಸಿತ್ತು. ಮಧ್ಯಾಹ್ನದ ಊಟಕ್ಕೆ ಕೂತಾಗ ಭಾವ ನನಗೆ ಹೇಳಿದರು:

"ನಮ್ಮ ಕಡೆ ಒಬ್ಬ ಸಾಕ್ಷಿ ನೀವ ಆಗ್ರಿ. ಸೋದರಮಾವ ಇದ್ದಾಗ ಬ್ಯಾರೆಯವರ್ಯಾಕ?"

ಆಪಾ ಸಾರು ಬಡಿಸುತ್ತಿದ್ದಳು. ಸೌಟು ಪಾತ್ರೆಯಲ್ಲಿ ಬಿಟ್ಟು, "ಅಂವ ಬ್ಯಾಡ," ಎಂದಳು.

"ಯಾಕ?"

"ಅಂವ ಬ್ಯಾಡ ಅಂದ್ನೆಲ್ಲ. ನಿಮ್ಮ ತಮ್ಮನ್ನ ಕರೀರಿ."

ಭಾವ ನನ್ನನ್ನು ನೋಡಿದರು. ನಾನು ತಟ್ಟೆ ನೋಡಿದೆ. ಅವರು ಅಂಗಡಿಗೆ ಹೋದ ಮೇಲೆ ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕೂತೆ. ಅವಳು ಪಾತ್ರೆ ತೊಳೆಯುತ್ತಿದ್ದಳು. ಇಷ್ಟು ವರ್ಷ ಕಟ್ಟಿಟ್ಟುಕೊಂಡದ್ದನ್ನೆಲ್ಲ ಹೇಳಿದೆ: ಆ ನಿಯಮ ನನಗೆ ಗೊತ್ತಿತ್ತೋ ಇಲ್ಲವೋ ನನಗೇ ತಿಳಿಯದು, ಹೇಗೆ ಯೋಚಿಸಿದರೂ ಕೊನೆ ಮುಟ್ಟುವುದಿಲ್ಲ ಎಂದೆ. ಅವಳು ಪೂರ್ತಿ ಕೇಳಿದಳು.

"ನಿಂಗ ಗೊತ್ತಿತ್ತೋ ಇಲ್ಲೋ, ಅದು ನಿನ್ನ ಮಾತು. ನನಗ್ಯಾಕ ಹೇಳಾಕತ್ತಿ?" ಎಂದಳು. ಆಮೇಲೆ ನಲ್ಲಿ ನಿಲ್ಲಿಸಿದಳು. "ಮಾಮೂ ಮೂರನೇ ಸಲ ಕೇಳಿದಾಗ ನಾ ಬಾಯಿ ತಗದಿದ್ದೆ. ಒಲ್ಲೆ ಅನ್ನಾಕ. ಓಢಣಿ ಒಳಗಿಂದ ನೋಡಿದೆ, ನೀ ನಿಂತಿದ್ದಿ. ನನ್ನ ತಮ್ಮ ಅದಾನಲ್ಲ, ಅಂವ ಹೇಳ್ತಾನ ಅಂತ ಬಾಯಿ ಮುಚ್ಚಿದೆ."

ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಒಂದು ಕೇಳ್ತೀನಿ, ಸುಳ್ಳು ಹೇಳಬ್ಯಾಡ. ಆಮ್ಯಾಲೆ ಅವರಿಗೆ ಹೇಳಿದೇನು? ನಾ ಹೂಂ ಅಂದಿರಲಿಲ್ಲ ಅಂತ?"

ಯಾರಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. ಅವನಿಗೆ ತಲುಪಿದ್ದು ಊರೆಲ್ಲ ತಲುಪಿದ ಸುದ್ದಿ: ಹುಡುಗಿ ಒಪ್ಪಿದಳು, ಸ್ವಂತ ತಮ್ಮನೇ ಸಾಕ್ಷಿ. ನಾನು ಆ ಅಂಗಡಿಯ ಕಡೆಗೆ ತಲೆ ಹಾಕಿರಲಿಲ್ಲ.

"ಇಲ್ಲ," ಎಂದೆ.

"ಹೇಳಿರತೀ ಅಂತ ಮಾಡಿದ್ದೆ. ಇಷ್ಟು ದಿನ," ಎಂದಳು. ಮತ್ತೆ ನಲ್ಲಿ ಬಿಟ್ಟಳು.

ಮರುದಿನ ಬೆಳಿಗ್ಗೆ ರಾಣೆಬೆನ್ನೂರಿಗೆ ಹೋದೆ. ಅಂಗಡಿ ಅಲ್ಲೇ ಇತ್ತು. ಹತ್ತಿಯ ಜೊತೆ ಫೋಮಿನ ಗಾದಿಗಳೂ ಬಂದಿದ್ದವು. ಅವನ ಕೂದಲು ಬೆಳ್ಳಗಾಗಿತ್ತು. ಹತ್ತಿಯೇನೋ ಎಂದುಕೊಂಡೆ, ಅಲ್ಲ. ನನ್ನ ಗುರುತು ಹಿಡಿದು, ಸ್ಟೂಲು ಕೊಟ್ಟು, "ಕುಂದ್ರಿ," ಎಂದ. ನಾನು ನಿಂತೇ ಹೇಳಿದೆ:

"ಆಕಿ ಆವತ್ತು ಹೂಂ ಅಂದಿರಲಿಲ್ಲ. ಮೂರು ಸಲ ಕೇಳಿದ್ರೂ ಬಾಯಿ ಬಿಚ್ಚಲಿಲ್ಲ. ಹೂಂ ಅಂದಾಂವ ನಾನು."

ಅವನು ಅರಿವೆ ಅಳೆಯುತ್ತಿದ್ದ. ಅಳತೆ ಮುಗಿಸಿ, ಗುರುತು ಮಾಡಿ, ಕತ್ತರಿ ಕೆಳಗಿಟ್ಟ.

"ಈಗ್ಯಾಕ ಹೇಳಾಕ ಬಂದ್ರಿ?"

"ಆಕಿ ಕೇಳಿದ್ಲು. ನಿಮಗ ಹೇಳೀನೋ ಇಲ್ಲೋ ಅಂತ."

ಅವನು ಬಟ್ಟೆಯ ಅಂಚನ್ನು ನೀವಿದ. ಆಮೇಲೆ ಹೇಳಿದ ಮಾತನ್ನು ನಾನು ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ನನ್ನ ತಲೆಯನ್ನು ನಂಬದೆ, ಆಗಲೇ ಬರೆದುಕೊಂಡೆ: "ಇಷ್ಟ ವರ್ಷ ಆಕಿ ಮ್ಯಾಲೆ ಸಿಟ್ಟಿತ್ರಿ ನಂದು. ಸಿಟ್ಟಿನ ಮ್ಯಾಲೆ ಮದಿವಿ ಆದೆ. ಸಿಟ್ಟಿನ ಮ್ಯಾಲೆ ಈ ಅಂಗಡಿ ನಡಸೇನಿ. ನೀವು ಬಂದು ಅದನ್ನೂ ಕಸಗೊಂಡ್ರಿ. ಈಗ ನಾ ಏನ್ ಇಟ್ಕೊಂಡು ಇರ್ಲಿ?"

ಅಷ್ಟರಲ್ಲಿ ಗಿರಾಕಿ ಬಂದರು. ಅವನು "ಬರ್ರಿ ಅಕ್ಕಾರ. ಸಿಂಗಲ್ ಬೇಕೋ, ಡಬಲ್ಲೋ?" ಎಂದು ಅವರ ಕಡೆ ತಿರುಗಿದ. ನಾನು ಹೊರಬಿದ್ದೆ.

ಹಾವೇರಿಗೆ ವಾಪಸು ಬಂದಾಗ ಆಪಾ ಅಂಗಳದಲ್ಲಿ ಮಗಳ ಮದುವೆಯ ಅಕ್ಕಿ ಹಸನು ಮಾಡುತ್ತಿದ್ದಳು. ನೆರೆಯ ಹೆಂಗಸರಿಬ್ಬರು ಕೂತಿದ್ದರು. ಅವರು ಎದ್ದುಹೋಗುವ ತನಕ ಅವಳು ನನ್ನನ್ನು ಏನೂ ಕೇಳಲಿಲ್ಲ.

"ಹೇಳಿದಿ?"

"ಹೇಳಿದೆ."

"ಏನಂದ್ರು?"

ಸುಳ್ಳು ಹೇಳಬಹುದಿತ್ತು. ಸಮಾಧಾನ ಆತಂತ, ನಿನ್ನನ್ನ ಕ್ಷಮಿಸ್ಯಾನಂತ. ಆದರೆ ಇವಳೆದುರು ಇನ್ನೊಂದು ಸಲ ನನ್ನ ಜಾಣತನ ಬೇಡವೆನಿಸಿತು. ಜೇಬಿನಿಂದ ಚೀಟಿ ತೆಗೆದು ಇದ್ದದ್ದನ್ನು ಇದ್ದ ಹಾಗೆ ಓದಿದೆ. ಓದಿ ಮುಗಿಸಿ, ಅವಳು ಅಳುತ್ತಾಳೆಂದು ಕಾದೆ.

ಅವಳು ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಅಕ್ಕಿಯೊಳಗಿನ ಬೆರಳು ಅಲ್ಲೇ ಬಿಟ್ಟು, ನನ್ನ ಕಡೆ ನೋಡಿದಳು.

"ಸಿಟ್ಟಿತ್ತಂತ?"

"ಹೂಂ."

"ಇಷ್ಟ ವರ್ಷನೂ?"

"ಹೂಂ, ಆಪಾ."

"ಇನ್ನೊಮ್ಮೆ ಓದು," ಎಂದಳು. ನಾನು ಓದಿದೆ. ಮೂರನೇ ಸಲ ಓದು ಎನ್ನಲಿಲ್ಲ. ಕೈ ಚಾಚಿ ಚೀಟಿ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು. ಮದುವೆಯ ದಿನ ನಿನಗೆ ಹಂದರದಲ್ಲಿ ಬಂದವರಿಗೆ ಶರಬತ್ತು ಕೊಡುವ ಕೆಲಸ ಎಂದು ಹೇಳಿ, ಮತ್ತೆ ಅಕ್ಕಿ ಕೇರತೊಡಗಿದಳು.